ಮನೆಗೆ ಬಂದು ಉಂಡು ಹೋದವರು

ಭಾಯ್ ಹೋದ ತಿಂಗಳು ತೀರಿಕೊಂಡರು. ಗಂಗಾವತಿಯ ತಮ್ಮ ಮನೆಯಲ್ಲಿ ಬೆಳಗಿನ ಚಹಾ ಕುಡಿಯುತ್ತ ನಿಂತಲ್ಲೇ ಕುಸಿದರಂತೆ. ಅವರ ಹೆಂಡತಿ ಫೋನಿನಲ್ಲಿ ಅಳುತ್ತ ಮೊದಲು ಹೇಳಿದ್ದು ಸಾವಿನ ಸುದ್ದಿಯನ್ನಲ್ಲ. “ಕುಂತು ಕುಡೀರಿ ಅಂದೆ ಅಕ್ಕೋರ, ಮಾತು ಕೇಳಲಿಲ್ಲ” ಎಂದರು. ಅಳುವುದಕ್ಕಿಂತ ಮೊದಲು ನನಗೆ ಸಿಟ್ಟು ಬಂತು. ಹನ್ನೊಂದು ವರ್ಷ ನಾನೂ ಅವರಿಗೆ ಅದನ್ನೇ ಹೇಳಿದ್ದೆ.

ಕೂಡುವುದೆಂದರೆ ಅವರಿಗೆ ಆಗದು. ಕೊಪ್ಪಳದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಔಷಧಿ ಅಂಗಡಿಯ ಮೇಲೆ ವೆಬ್‌ಸೈಟು ಮಾಡಿಕೊಡುವ ನಮ್ಮ ಆಫೀಸು. ಅಲ್ಲಿ ಅವರದೇ ಎಂದು ಒಂದು ತಿರುಗುವ ಕುರ್ಚಿ ಇತ್ತು. ಕೊಂಡು ತಂದಾಗ ಹೊದಿಸಿದ್ದ ಪ್ಲಾಸ್ಟಿಕ್ ಹಾಳೆ ಇಷ್ಟು ವರ್ಷವಾದರೂ ಹರಿದಿರಲಿಲ್ಲ. ಫೋನು ಬಂದರೆ ಸಾಕು, ಬಾಗಿಲು ದಾಟಿ, ಮೆಟ್ಟಿಲಿಳಿದು, ಓಣಿಯ ತುದಿ ಮುಟ್ಟಿ, ಮಾತಾಡುತ್ತಲೇ ವಾಪಸು ಬರುತ್ತಿದ್ದರು. ಎದುರಿಗಿದ್ದ ಗಿರಾಕಿ ಪಾಪ ನನ್ನ ಮುಖ ನೋಡುತ್ತ ಕೂತಿರಬೇಕು. ಹೋಗುವಾಗ ಬೆರಳೆತ್ತಿ “ಒಂದ್ ಮಿನಿಟ್” ಎನ್ನುವರು. ಭಾಯ್ ಅವರ ಒಂದು ಮಿನಿಟಿನಲ್ಲಿ ನಾನು ಕೆಳಗಿಳಿದು ಒಗ್ಗರಣಿ ಮಿರ್ಚಿ ತಿಂದು, ಕೈ ತೊಳೆದು ಬಂದದ್ದುಂಟು.

ನಾನು ಮೊದಲು ಅವರ ಮಗಳು ಓದುತ್ತಿದ್ದ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಆಗ ಅವರು ಕೊಪ್ಪಳದಲ್ಲೇ ಬಾಡಿಗೆಗಿದ್ದರು. ಒಮ್ಮೆ ಪಾಲಕರ ಸಭೆಗೆ ಬಂದವರು ಮಗಳ ಅಂಕ ಬಿಟ್ಟು ಶಾಲೆಯ ವೆಬ್‌ಸೈಟನ್ನು ಯಾರು ಮಾಡಿದ್ದೆಂದು ಕೇಳಿದರು. ನಾನೇ ಎಂದೆ. “ಛಲೋ ಮಾಡೀರಿ, ಆದ್ರ ಬಣ್ಣ ಭಾಳ ಆತು” ಎಂದರು. ನಾನು ಉರಿದುಕೊಂಡೆ. ಮರುವಾರ ಅವರೇ ಬಂದು ಜೊತೆಗೆ ಕೆಲಸ ಮಾಡುತ್ತೀರಾ ಎಂದು ಕೇಳಿದಾಗ ಒಪ್ಪಿಕೊಂಡೆ. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವರು. ಆದರೂ ಮಗಳ ಟೀಚರೆಂದು ಕಡೆಯವರೆಗೂ ನನ್ನನ್ನು “ಅಕ್ಕೋರ” ಎಂದೇ ಕರೆದರು. ನಾನು, ಗಿರಾಕಿಗಳು, ಕೆಳಗಿನ ಔಷಧಿ ಅಂಗಡಿಯವರು, ಎಲ್ಲರೂ ಅವರನ್ನು ಭಾಯ್ ಎನ್ನುತ್ತಿದ್ದೆವು.

ಅವರ ತಂದೆ ಗಂಗಾವತಿಯಲ್ಲಿ ನೀರೆತ್ತುವ ಪಂಪಿನ ಮೋಟಾರುಗಳಿಗೆ ತಂತಿ ಸುತ್ತುತ್ತಿದ್ದರು. ಭಾಯ್ ಕೂಡ ಮೊದಲು ಕಲಿತದ್ದು ಅದನ್ನೇ. ಯಾವ ಕಂಪ್ಯೂಟರು ಕೆಟ್ಟರೂ ಮೊದಲು ಅದರ ಬೆನ್ನಿಗೆ ಅಂಗೈ ಇಟ್ಟು “ಜ್ವರಾ ಬಂದೈತಿ” ಎನ್ನುವರು. ಸರ್ವರು ಕೆಟ್ಟರೆ ಮಾತ್ರ ಅವರಿಗೆ ತಳಮಳ. ಸರ್ವರೆಂದರೆ ನಮ್ಮ ಗಿರಾಕಿಗಳ ವೆಬ್‌ಸೈಟುಗಳನ್ನು ಇಟ್ಟಿದ್ದ ಯಂತ್ರ. ಅದು ನಮ್ಮದಲ್ಲ, ದೂರದ ಊರಿನ ಒಂದು ಕಂಪನಿಯದು. ಅಂಗೈ ಇಡಲು ಆಗದ ಯಂತ್ರವನ್ನು ಹೇಗೆ ನಂಬುವುದು ಎಂಬುದು ಅವರ ಸಂಕಟ.

ಮೂರು ವರ್ಷದ ಹಿಂದೆ ಆ ಕಂಪನಿಯಿಂದ ಒಂದು ಮೇಲ್ ಬಂತು. ಇಂಥ ದಿನ ನಿಮ್ಮ ಸೈಟುಗಳನ್ನೆಲ್ಲ ಹಳೆಯ ಸರ್ವರಿನಿಂದ ಹೊಸದಕ್ಕೆ ಸಾಗಿಸುತ್ತೇವೆ, ಬದಲಾದದ್ದು ನಿಮಗೆ ಗೊತ್ತೂ ಆಗುವುದಿಲ್ಲ ಎಂದು ಬರೆದಿದ್ದರು. ನಾನು ಓದಿ ಹೇಳಿದೆ. ಭಾಯ್ ಆಗಲೇ ಬಾಗಿಲ ಹತ್ತಿರ ಹೋಗಿದ್ದರು.

“ಮನಿ ಸಾಮಾನು ಲಾರಿಗೆ ಹೇರಿದ ಮ್ಯಾಲ ಒಂದು ಸೌಟರ ಕಳೀಲಾರದ ಇರತೈತೇನ್ರಿ ಅಕ್ಕೋರ? ಎಲ್ಲಾರಿಗೂ ಹೇಳಿ ಬರಬೇಕು.”

“ಒಂದು ಮೇಲ್ ಹಾಕೋಣ್ರಿ ಭಾಯ್. ಐದ ನಿಮಿಷದ ಕೆಲಸ.”

“ಮೇಲ್ ಯಾರ್ ಓದತಾರ? ಮನಿ ಬದಲಿ ಮಾಡೂ ಮುಂದ ಬಾಯಿಲೇ ಹೇಳಬೇಕು. ಹೇಳಲಾರದ ಹೋದ್ರ ಓಡಿ ಹೋದಂಗ.”

ಇದು ಅವರ ಕೆಲಸದ ರೀತಿ. ಮದುವೆಗೆ ಕರೆಯಲು ಹೋದಂತೆ ಗಿರಾಕಿಗಳ ಮನೆ ಮನೆಗೆ ಹೋಗುವುದು. ಹೊಸ ವೆಬ್‌ಸೈಟು ಶುರುವಾದರೆ ಹೋಗುವರು, ಕೆಟ್ಟರೆ ಹೋಗುವರು, ಸರಿಯಾದರೆ ಸರಿಯಾಯಿತೆಂದು ಹೇಳಲು ಹೋಗುವರು. ಹೋದಲ್ಲಿ ಚಹಾ ಕೊಟ್ಟರೆ ಚಹಾ, ಊಟವೆಂದರೆ ಊಟ. ಆಫೀಸಿನಲ್ಲಿ ಒಂದು ಕ್ಷಣ ಕೂಡದ ಮನುಷ್ಯ ಉಣ್ಣಲು ಮಾತ್ರ ಚಕ್ಕಳಮಕ್ಕಳ ಹಾಕಿ ಕೂಡುವರು, ಅದೂ ಎರಡನೇ ಸಲ ನೀಡುವವರೆಗೆ ಏಳದಂತೆ. ನೀಡಿದ್ದನ್ನು ಬೇಡವೆನ್ನುವುದು ಅವರಿಗೆ ಗೊತ್ತೇ ಇರಲಿಲ್ಲ. ಹಾಗಾಗಿ ಆ ವಾರವೆಲ್ಲ ತಿರುಗಿದರು. ಗಂಗಾವತಿಯ ಅಕ್ಕಿ ವ್ಯಾಪಾರಿ, ಸಾಣಾಪುರದ ಕೆರೆಯ ಹತ್ತಿರ ಪ್ರವಾಸಿಗರಿಗೆ ರೂಮು ಕೊಡುವವರು, ಕುಷ್ಟಗಿಯ ಒಂದು ಶಾಲೆ, ಕಡೆಗೆ ಯಲಬುರ್ಗಾದಾಚೆ ಒಂದು ಹಳ್ಳಿಯಲ್ಲಿ ಕೌದಿ ಹೊಲಿಯುವ ಹೆಂಗಸರ ಗುಂಪು. ಕಡೆಯ ಊರಿಗೆ ನಾನೂ ಹೋಗಿದ್ದೆ.

ಆ ಗುಂಪಿನ ಹಿರಿಯಾಕೆಯನ್ನು ಊರೆಲ್ಲ ದೊಡ್ಡವ್ವ ಎನ್ನುತ್ತಿತ್ತು. ಏಳನೇ ಇಯತ್ತೆ ಓದಿದಾಕೆ, ಮಾತು ಕಡಿಮೆ. ಹಳೆಯ ಸೀರೆಗಳನ್ನು ಪದರ ಪದರ ಜೋಡಿಸಿ ಕೈಯಿಂದ ಹೊಲಿದ ಕೌದಿಗಳ ಫೋಟೋಗಳನ್ನು ನಾವು ಅವರ ಸೈಟಿನಲ್ಲಿ ಹಾಕಿದ್ದೆವು. ಬೇಕಾದವರು ಅಲ್ಲೇ ಹೆಸರು, ವಿಳಾಸ, ಎಂಥದು ಬೇಕು ಎಂದು ಬರೆದು ಒತ್ತಿದರೆ ಅದು ದೊಡ್ಡವ್ವನ ಫೋನಿಗೆ ಪತ್ರವಾಗಿ ಬರುತ್ತಿತ್ತು. ಆಕೆ ಸಂಜೆ ಎಲ್ಲರನ್ನೂ ಕೂಡಿಸಿ ಗಟ್ಟಿಯಾಗಿ ಓದಿ, ಯಾರು ಯಾವುದನ್ನು ಹೊಲಿಯಬೇಕೆಂದು ಹಂಚುವಳು. ಸಾಮಾನಿಟ್ಟ ಖೋಲಿಯ ಕೀಲಿಕೈ ಅವಳ ಸೆರಗಿನ ಗಂಟಿನಲ್ಲಿರುತ್ತಿತ್ತು. ಅಂದು ಭಾಯ್ ಸರ್ವರಿನ ವಿಷಯ ಹೇಳುವಷ್ಟರಲ್ಲಿ ದೊಡ್ಡವ್ವ ರೊಟ್ಟಿ ಬಡಿಯಲು ಕೂತಿದ್ದಳು. ಬಿಸಿ ರೊಟ್ಟಿ, ಗುರೆಳ್ಳು ಚಟ್ನಿ, ಹೆಸರುಕಾಳಿನ ಪಲ್ಯ. ಭಾಯ್ ಎರಡಲ್ಲ, ನಾಲ್ಕು ರೊಟ್ಟಿ ಹಾಕಿಸಿಕೊಂಡರು. “ಏನರ ಹೆಚ್ಚು ಕಡಿಮಿ ಆದ್ರ ಫೋನ್ ಹಚ್ಚವ್ವಾ” ಎಂದರು. “ನೀವಿದ್ದ ಮ್ಯಾಲ ಏನಾಗತೈತ್ರಿ ಭಾಯಾರ” ಎಂದಳು.

ಸರ್ವರು ಬದಲಾದ ದಿನದಿಂದ ಫೋನು ನಿಲ್ಲಲಿಲ್ಲ. ಸಾಣಾಪುರದವರ ಫೋಟೋಗಳೆಲ್ಲ ಮಾಯ. “ಅಕ್ಕೋರ, ನಮ್ಮ ಕೆರಿ ಎಲ್ಲಿ ಹೋತ್ರಿ?” ಎಂದು ಅವರು ಗಾಬರಿಯಿಂದ ಕೇಳಿದ ಧಾಟಿಗೆ ನಾನೂ ಒಂದು ಕ್ಷಣ ಕೆರೆಗೇ ಏನೋ ಆಯಿತೆಂದುಕೊಂಡೆ. ಕುಷ್ಟಗಿಯ ಶಾಲೆಯಲ್ಲಿ ಹೆಡ್‌ಮಾಸ್ತರರ ಕಂಪ್ಯೂಟರಿನಲ್ಲಿ ಹೊಸ ಸರ್ವರಿನ ಸೈಟು, ಗುಮಾಸ್ತರ ಫೋನಿನಲ್ಲಿ ಹಳೆಯ ಸರ್ವರಿನದು. ವಿಳಾಸ ಬದಲಾದ ಸುದ್ದಿ ಎಲ್ಲ ಕಡೆ ಮುಟ್ಟಲು ಒಂದೆರಡು ದಿನ ಬೇಕು. ಅಷ್ಟರಲ್ಲಿ ರಜೆ ಇದೆಯೋ ಇಲ್ಲವೋ ಎಂದು ಇಬ್ಬರೂ ಜಗಳವಾಡಿ ಮಾತು ಬಿಟ್ಟಿದ್ದರು. ಅಕ್ಕಿ ವ್ಯಾಪಾರಿಯ ಸೈಟು ತೆರೆದರೆ ‘ಇದು ಸುರಕ್ಷಿತವಲ್ಲ’ ಎಂದು ಬರುತ್ತಿತ್ತು. ಆತ ನೇರ ಆಫೀಸಿಗೇ ಬಂದ. “ಭಾಯ್, ನನ್ನ ಅಕ್ಕಿ ಉಂಡ್ರ ಜೀವಕ್ಕ ಅಪಾಯ ಅಂತ ಬರದಾರೇನು? ಮೂವತ್ತು ವರ್ಷದ ಹೆಸರ್ರೀ ನಂದು!”

ಭಾಯ್ ಎಲ್ಲರ ಬೈಗುಳವನ್ನೂ ನಡೆದಾಡುತ್ತ ಕೇಳಿದರು. ಫೋಟೋ ಬಂದವು, ಸುರಕ್ಷಿತವೆಂದು ತೋರುವ ಬೀಗದ ಗುರುತು ಬಂತು, ಕುಷ್ಟಗಿಯಲ್ಲಿ ಸಂಧಾನವಾಯಿತು. ಕಡೆಗೆ ಉಳಿದದ್ದು ಎಲ್ಲ ಸೈಟುಗಳ ಪತ್ರದ ಪುಟ ಸರಿಯಿದೆಯೇ ಎಂದು ನೋಡುವುದು. ಪರೀಕ್ಷೆಯ ಪತ್ರ ಗಿರಾಕಿಗಳಿಗೆ ಹೋದರೆ ಅವರಿಗೆ ಸುಮ್ಮನೆ ತ್ರಾಸು ಎಂದು ಭಾಯ್ ಎಲ್ಲ ಕಡೆ ನಮ್ಮ ಆಫೀಸಿನ ಮೇಲ್ ವಿಳಾಸ ಹಾಕಿ, ತಾವೇ ಬರೆದು ತಾವೇ ಒತ್ತಿ ನೋಡಿದರು. ಒಂದೊಂದೇ ಪತ್ರ ಬಂತು. ಆಮೇಲೆ ಗಿರಾಕಿಗಳ ವಿಳಾಸಗಳನ್ನು ಮೊದಲಿನಂತೆ ಹಾಕಿದರು. “ಮುಗೀತ್ರಿ ಅಕ್ಕೋರ. ಸೌಟೂ ಕಳೀಲಿಲ್ಲ” ಎಂದರು. ನಾನು ಪಕ್ಕದಲ್ಲೇ ಇದ್ದೆ. ಅವರ ಮನೆಯಿಂದ ನನಗೆಂದು ತಂದಿದ್ದ ಶಾವಿಗೆ ಪಾಯಸದ ಡಬ್ಬಿ ನನ್ನ ಮೇಜಿನ ಮೇಲಿತ್ತು. ಅವರ ಮನೆಯಲ್ಲಿ ನನಗೆಂದೇ ಬೇರೆ ಪಾತ್ರೆ ಇಟ್ಟು ಅಡಿಗೆ ಮಾಡುತ್ತಿದ್ದರು. ನಾನು ಕೇಳಿದ್ದಲ್ಲ, ಅವರ ಹೆಂಡತಿ ತಾವಾಗಿಯೇ ಇಟ್ಟದ್ದು.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಮೈಸೂರಿನಿಂದ ಒಬ್ಬ ಹೆಂಗಸು ಫೋನು ಮಾಡಿದರು. ನಮ್ಮ ನಂಬರು ಕೌದಿ ಸೈಟಿನ ಕೆಳಗೆ ಸಣ್ಣ ಅಕ್ಷರದಲ್ಲಿತ್ತಂತೆ.

“ನಮ್ಮ ತಾಯಿ ಹೋಗಿ ಒಂದು ವರ್ಷ ಆಯ್ತು ಕಣ್ರೀ. ಅವರ ಸೀರೆಗಳನ್ನ ಕಳಿಸಿದ್ರೆ ಕೌದಿ ಹೊಲಿದು ಕೊಡ್ತೀರಾ ಅಂತ ಮೂರು ಸಲ ಬರೆದೆ. ಮೂರು ಸಲವೂ ‘ನಿಮ್ಮ ಪತ್ರ ನಮಗೆ ತಲುಪಿದೆ, ಧನ್ಯವಾದ’ ಅಂತ ಆ ಪುಟದಲ್ಲೇ ಬಂತು. ಆಗಲ್ಲ ಅಂದ್ರೆ ಆಗಲ್ಲ ಅಂತಾದ್ರೂ ಹೇಳಬಹುದಲ್ವಾ?”

ಆ ‘ತಲುಪಿದೆ’ ಎಂಬ ಸಾಲನ್ನು, ಒತ್ತಿದ ಕೂಡಲೇ ತಾನೇ ಬರುವಂತೆ, ಬರೆದವಳು ನಾನೇ. ಕ್ಷಮೆ ಕೇಳಿ ಫೋನಿಟ್ಟೆ. ಹುಡುಕಲು ಬಹಳ ಹೊತ್ತೇನೂ ಬೇಕಾಗಲಿಲ್ಲ. ಹೊಸ ಸರ್ವರು ತನ್ನೊಳಗಿದ್ದ ವಿಳಾಸಗಳಿಗೆ ಪತ್ರ ಮುಟ್ಟಿಸುತ್ತಿತ್ತು. ಹೊರಗಿನ ವಿಳಾಸಕ್ಕೆ ಕಳಿಸಬೇಕಾದರೆ ಬೇರೆ ಅನುಮತಿ ಹಾಕಬೇಕಿತ್ತು, ಹಾಕಿರಲಿಲ್ಲ. ಬೇರೆ ಗಿರಾಕಿಗಳ ವಿಳಾಸವೂ ನಮ್ಮ ಆಫೀಸಿನದೂ ಒಳಗಿನವು. ದೊಡ್ಡವ್ವನದೊಂದೇ ಹೊರಗಿನದು, ಅವಳ ಫೋನಿನಲ್ಲಿ ಮೊದಲೇ ಇದ್ದ ಬೇರೆ ಕಂಪನಿಯ ಮೇಲ್. ನಾವು ನಡುಮನೆಯಲ್ಲಿ ನಿಂತು ಅಡಿಗೆಮನೆಯವರನ್ನು ಕೂಗಿ, ಊರಿಗೆಲ್ಲ ಕೇಳಿಸಿತೆಂದುಕೊಂಡಿದ್ದೆವು. ಸರ್ವರಿನಲ್ಲಿ ಯಾರೂ ತೆರೆಯದ ಒಂದು ಮೇಲ್ ಪೆಟ್ಟಿಗೆಯಲ್ಲಿ ತಿರುಗಿ ಬಂದ ಪತ್ರಗಳು ಬಿದ್ದಿದ್ದವು. ಮೂವತ್ತೊಂದು.

ಭಾಯ್ ಎರಡು ಸಲ ಎಣಿಸಿದರು. ಅಲ್ಲೇ ಸರಿಪಡಿಸಿದರು. ದೊಡ್ಡವ್ವನಿಗೆ ಫೋನು ಹಚ್ಚಿದರು. “ಎಲ್ಲಾ ಛಲೋ ಐತ್ರಿ ಭಾಯಾರ” ಎಂದಳಂತೆ, ಅಷ್ಟೇ. ಕೌದಿಯ ಮಾತೆತ್ತಿದರೆ “ಅದಿರಲಿ ಬಿಡ್ರಿ” ಎಂದಳಂತೆ.

“ಆಕಿ ಧ್ವನಿ ಛಲೋ ಇಲ್ಲ ಅಕ್ಕೋರ” ಎಂದು ಭಾಯ್ ಚೀಲ ಹೆಗಲಿಗೆ ಹಾಕಿದರು. ನಾನೂ ಲ್ಯಾಪ್‌ಟಾಪಿನ ಚೀಲ ಹಿಡಿದು ಹೊರಟೆ. ಯಲಬುರ್ಗಾ ಬಸ್ಸು ಸಿಕ್ಕಿತು. ಸೀಟು ಖಾಲಿಯಿದ್ದರೂ ಭಾಯ್ ಬಾಗಿಲ ಬಳಿಯಿಂದ ಹಿಂದಿನ ಸೀಟಿನವರೆಗೆ ಓಡಾಡಿದ್ದೇ ಓಡಾಡಿದ್ದು. ಕಂಡಕ್ಟರ್ “ಯಜಮಾನ್ರ, ಒಂದು ಕಡೆ ನಿಲ್ರೀ ಅಥವಾ ಕುಂದರ್ರಿ, ನನಗ ತಲಿ ತಿರಗಾಕ ಹತ್ತೈತಿ” ಎಂದ.

ದೊಡ್ಡವ್ವ ನೀರು ಕೊಟ್ಟಳು. ಮುಖ ನೋಡಲಿಲ್ಲ. ಖೋಲಿ ತೋರಿಸು ಎಂದರೆ ಕೀಲಿಕೈ ತನ್ನ ಹತ್ತಿರ ಇಲ್ಲವೆಂದಳು. ಕೆದಕಿ ಕೆದಕಿ ಕೇಳಿದ ಮೇಲೆ ಒಂದೊಂದಾಗಿ ಬಂತು. ಎರಡು ತಿಂಗಳಿಂದ ಒಂದೂ ಪತ್ರವಿಲ್ಲ. ಬಂದಿಲ್ಲವೆಂದು ಈಕೆ ಹೇಳುತ್ತ ಬಂದಳು. ಮೊದಮೊದಲು ಎಲ್ಲರೂ ನಂಬಿದರು. ಆಮೇಲೆ ಅವಳ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ತನ್ನ ಫೋನಿನಲ್ಲಿ ಸೈಟು ತೆರೆದು ಒತ್ತಿ ನೋಡಿದಳು. ‘ನಿಮ್ಮ ಪತ್ರ ನಮಗೆ ತಲುಪಿದೆ’ ಎಂದು ಬಂತು. ಅದನ್ನು ಎಲ್ಲರಿಗೂ ತೋರಿಸಿದಳು. ಪತ್ರ ತಲುಪುತ್ತಿದೆ, ಇವಳು ಮುಚ್ಚಿಡುತ್ತಿದ್ದಾಳೆ, ತವರಿನ ಹೆಂಗಸರಿಂದ ಹೊಲಿಸಿ ಕಳಿಸುತ್ತಿದ್ದಾಳೆ ಎಂದು ಮಾತಾಯಿತು. ಇಬ್ಬರು ಗುಂಪು ಬಿಟ್ಟು ಬೀಜದ ಹೊಲಗಳಲ್ಲಿ ಹೂವಿಗೆ ಹೂವು ಮುಟ್ಟಿಸುವ ಕೂಲಿಗೆ ಹೋದರು. ಉಳಿದವರು ಇವಳ ಸೆರಗಿನಿಂದ ಕೀಲಿಕೈ ಬಿಚ್ಚಿಸಿಕೊಂಡರು. ನೀರಿಗೆ ಹೋದರೂ ಯಾರೂ ಮಾತಾಡಿಸುವುದಿಲ್ಲ.

“ಕಳ್ಳಿ ಅಂದ್ರಿ ನನಗ” ಎಂದಳು. ಅಳಲಿಲ್ಲ.

ಭಾಯ್ ನಿಂತೇ ಇದ್ದರು. “ಅವ್ವಾ, ನನಗ ಒಂದು ಫೋನ್ ಯಾಕ ಮಾಡಲಿಲ್ಲ? ಮೊದಲನೇ ವಾರದಾಗ ಮಾಡಿದ್ದ್ರ ಇದೆಲ್ಲಾ ಆಗತಿದ್ದಿಲ್ಲಲ್ಲ!”

“ಹೆಂಗ ಮಾಡೋದ್ರಿ? ಮನಿಗೆ ಬಂದು, ಕುಂತು, ಉಂಡು ಹೋದವರಿಗೆ ನಿಮ್ಮ ಕೆಲಸ ಕೆಟ್ಟೈತಿ ಅಂತ ಯಾವ ಬಾಯಿಲೇ ಹೇಳೋದು? ನಾ ಬರೇ ಗಿರಾಕಿ ಆಗಿದ್ದ್ರ ಜಗಳಾ ತಗೀತಿದ್ದೆ. ನೀವು ಮನಿ ಮಂದಿ ಆಗಿಬಿಟ್ಟ್ರಿ. ನನಗ ಫೋನ್ ಒತ್ತಾಕ ಬರೂದಿಲ್ಲ, ನಂದ ಏನೋ ತಪ್ಪೈತಿ ಅಂತ ಸುಮ್ನ ಆದೆ.”

ಅಕ್ಕಿ ವ್ಯಾಪಾರಿ ಬೈದಾಗ, ಸಾಣಾಪುರದವರು ಕೂಗಾಡಿದಾಗ ಆಗದ್ದು ಆಗ ಆಯಿತು. ಭಾಯ್ ಕಣ್ಣು ತುಂಬಿಕೊಂಡು ಹೊರಗೆ ಹೋದರು. ನಾನು ಅವರ ಹಿಂದೆ ಹೋಗಲಿಲ್ಲ. ಮತ್ತೆ ಒಳಗೆ ಬಂದವರೇ “ಎಲ್ಲಾರನ್ನೂ ಕರಸವ್ವಾ. ಈಗಿಂದೀಗ” ಎಂದರು.

ಸಮುದಾಯ ಭವನದ ಮುಂದಿನ ಕಟ್ಟೆಯ ಹತ್ತಿರ ಹೆಂಗಸರು ಬಂದು ಕೂತರು. ನೆಗೆಣ್ಣಿ ನಡುವೆ ಕೂತಿದ್ದಳು. ದೊಡ್ಡವ್ವ ದೂರ, ಗೋಡೆಗೆ ಒರಗಿ. ಭಾಯ್ ಕೈಮುಗಿದು, ತಪ್ಪು ತಮ್ಮದು, ಪತ್ರಗಳು ಈ ತಾಯಿಗೆ ಮುಟ್ಟಿಯೇ ಇಲ್ಲ, ಸರ್ವರಿನಿಂದ ತಿರುಗಿ ಹೋಗಿವೆ ಎಂದು ಹೇಳಿದರು. ಮನೆ ಬದಲಾದದ್ದು, ವಿಳಾಸ, ಪೆಟ್ಟಿಗೆ ಎಂದು ಎಷ್ಟು ಬಿಡಿಸಿ ಹೇಳಿದರೂ ಯಾರ ಮುಖವೂ ಸಡಿಲಾಗಲಿಲ್ಲ.

ನೆಗೆಣ್ಣಿ ನಕ್ಕಳು. “ಆಕಿ ಮನ್ಯಾಗ ಉಂಡೀರಿ ಭಾಯಾರ, ಆಕಿ ಪರವಾಗಿ ಹೇಳತೀರಿ. ಹೇಳಬೇಕಾದ್ದ. ನಾವೇನ್ ಕಂಪ್ಯೂಟರ್ ಬಲ್ಲವರಲ್ಲ, ಹೆಂಗ ಹೇಳಿದ್ರೂ ನಡೀತೈತಿ.”

ಉಂಡದ್ದು ನಿಜ. ನನಗೋ ಆ ಹೆಂಗಸಿನ ನಗೆ ಕಂಡು ಮೈ ಉರಿಯಿತು. ಎದ್ದು ನಾಲ್ಕು ಮಾತಾಡೋಣವೆಂದರೆ ಭಾಯ್ ನನ್ನ ಚೀಲದಿಂದ ಲ್ಯಾಪ್‌ಟಾಪ್ ತೆಗೆದು ತೆರೆದರು. “ಕಂಪ್ಯೂಟರ್ ಬಿಡ್ರಿ. ಬಂದ ಪತ್ರ ಓದತೀನಿ. ತಾರೀಖು ಹೇಳಿ ಓದತೀನಿ. ಎಲ್ಲಾ ಕೇಳಿದ ಮ್ಯಾಲ ನೀವ ಹೇಳ್ರಿ, ಈ ಅವ್ವಗ ಇವು ಗೊತ್ತಿದ್ದುವೋ ಇಲ್ಲೋ.”

ಮೂವತ್ತೊಂದು ಪತ್ರಗಳನ್ನೂ ಓದಿದರು. ಲ್ಯಾಪ್‌ಟಾಪನ್ನು ಎಡಗೈಯಲ್ಲಿ ಹಿಡಿದು ಕಟ್ಟೆಯ ಈ ತುದಿಯಿಂದ ಆ ತುದಿಗೆ ನಡೆಯುತ್ತ ಓದಿದರು. ಹೆಂಗಸರ ಕತ್ತುಗಳೂ ಅವರ ಹಿಂದೆ ಅತ್ತ ಇತ್ತ ತಿರುಗುತ್ತಿದ್ದವು. ಹುಟ್ಟುವ ಮೊಮ್ಮಗುವಿಗೆ ಚಿಕ್ಕ ಕೌದಿ ಬೇಕೆಂದ ಅಜ್ಜಿ. ಕೆಂಪು ಜಾಸ್ತಿ ಇರಲಿ ಎಂದವರು, ಕೆಂಪು ಬೇಡವೇ ಬೇಡ ಎಂದವರು. ಹೋದ ವರ್ಷ ಕೊಂಡ ಕೌದಿಗೆ ನಾಯಿಯೂ ಬೆಕ್ಕೂ ಜಗಳವಾಡುತ್ತವೆ, ಇನ್ನೊಂದು ಕೊಡಿ ಎಂದ ಬೆಳಗಾವಿಯವರು. ಆಗ ಒಂದಿಬ್ಬರು ನಕ್ಕರು. ಮೈಸೂರಿನ ಹೆಂಗಸಿನ ಮೂರು ಪತ್ರಗಳನ್ನು ಓದುವಾಗ ಯಾರೋ ಮೂಗು ಒರೆಸಿಕೊಂಡರು. ದೊಡ್ಡವ್ವ ಗೋಡೆ ಬಿಟ್ಟು ಸ್ವಲ್ಪ ಮುಂದೆ ಬಂದಿದ್ದಳು. ಪ್ರತಿ ಪತ್ರಕ್ಕೂ ಅವಳ ತುಟಿ ಅಲುಗುತ್ತಿತ್ತು, ಯಾರಿಗೆ ಯಾವುದನ್ನು ಹಂಚುವುದೆಂದು ಲೆಕ್ಕ ಹಾಕುವವಳಂತೆ.

ಇಪ್ಪತ್ತೇಳನೆಯದೋ ಇಪ್ಪತ್ತೆಂಟನೆಯದೋ ಇರಬೇಕು. ಭಾಯ್ ಓದಿದರು: “ಗಂಗಾವತಿಯಿಂದ. ನಮ್ಮ ಮಗಳ ಮದುವಿಗೆ ಹತ್ತು ಕೌದಿ ಬೇಕು. ಭಾಳ ಅರ್ಜೆಂಟ್ ಐತಿ. ಯಾರಿಗೂ ಹೇಳಬ್ಯಾಡ್ರಿ, ನಿಮಗ ಒಬ್ಬರಿಗೇ ಕೊಡತೀವಿ. ಕೆಳಗ ಹೆಸರು ಬರದಿಲ್ಲ ನೋಡ್ರಿ.” ಅವರು ಮುಂದಿನದಕ್ಕೆ ಹೋಗುವವರಿದ್ದರು.

“ನಿಲ್ರಿ” ಎಂದಳು ನೆಗೆಣ್ಣಿ. ಅವಳ ಮುಖದ ಮೇಲಿನ ನಗೆ ಹೋಗಿತ್ತು. “ಅದು ಯಾವತ್ತಿಂದು?”

ಭಾಯ್ ತಾರೀಖು ಹೇಳಿದರು.

“ಅದು ನಾ ಬರದದ್ದು.”

ಅವಳೇ ಹೇಳಿದಳು. ದೊಡ್ಡವ್ವ ಪತ್ರ ಮುಚ್ಚಿಡುತ್ತಾಳೋ ಇಲ್ಲವೋ ನೋಡೋಣವೆಂದು ಸುಳ್ಳು ಪತ್ರ ಬರೆದು ಒತ್ತಿದ್ದಳು. ತಲುಪಿದೆ ಎಂದು ಬಂತು. ನಾಲ್ಕು ದಿನ ಕಾದಳು. ದೊಡ್ಡವ್ವ ಬಾಯಿ ಬಿಡಲಿಲ್ಲ. ಕಳ್ಳತನ ಖಾತ್ರಿಯಾಯಿತು. ಐದನೇ ದಿನ ಕೀಲಿಕೈ ಬಿಚ್ಚಿಸಿದ್ದು ಇದೇ ಆಧಾರದ ಮೇಲೆ. ಈಗ ಆ ಪತ್ರ ಭಾಯ್ ಕೈಯಲ್ಲಿ, ತಿರುಗಿ ಬಂದವುಗಳ ನಡುವೆ ಇತ್ತು. ಭಾಯ್‌ಗೆ ಇದಾವುದೂ ಗೊತ್ತಿರಲಿಲ್ಲ; ಅವರು ಪೆದ್ದರಂತೆ ನನ್ನ ಕಡೆ ನೋಡಿದರು.

ನೆಗೆಣ್ಣಿ ಎದ್ದು, ಸೆರಗಿನ ಗಂಟು ಬಿಚ್ಚಿ, ಕೀಲಿಕೈಯನ್ನು ದೊಡ್ಡವ್ವನ ಮುಂದೆ ಕಟ್ಟೆಯ ಮೇಲಿಟ್ಟಳು. ತಪ್ಪಾಯಿತು ಎನ್ನಲು ಬಾಯಿ ಏಳಲಿಲ್ಲ. ದೊಡ್ಡವ್ವ ಕೀಲಿಕೈಯನ್ನು ಕೂಡಲೇ ತೆಗೆದುಕೊಳ್ಳಲಿಲ್ಲ.

“ಹತ್ತು ಕೌದಿ ಬೇಕು ಅಂತ ಬರದೀಯಲ್ಲ” ಎಂದಳು ಕಡೆಗೆ. “ನಾಳಿಂದ ಬಂದು ಹೊಲಿ.”

ಆಮೇಲೆ ಭಾಯ್ ಕಡೆ ತಿರುಗಿ, “ಆ ಮೈಸೂರಿನ ಬಾಯಾರಿಗೆ ಫೋನ್ ಹಚ್ಚಿ ಕೊಡ್ರಿ. ಸೀರಿ ಕಳಸ್ರಿ ಅಂತ ನಾನ ಹೇಳತೀನಿ” ಎಂದಳು. ಆ ಫೋನು ಮುಗಿದ ಮೇಲೆಯೇ ಕೀಲಿಕೈ ಅವಳ ಸೆರಗು ಸೇರಿತು. ಕೂಲಿಗೆ ಹೋಗಿದ್ದ ಇಬ್ಬರಲ್ಲಿ ಒಬ್ಬಳು ಮಾತ್ರ ಗುಂಪಿಗೆ ತಿರುಗಿ ಬಂದಳೆಂದು ಆಮೇಲೆ ಕೇಳಿದೆ. ನೆಗೆಣ್ಣಿಯೂ ದೊಡ್ಡವ್ವನೂ ಈಗಲೂ ಎದುರುಬದುರು ಕೂತು ಹೊಲಿಯುತ್ತಾರಂತೆ, ಮಾತು ಅಷ್ಟಕ್ಕಷ್ಟೇ. ಒಮ್ಮೆ ಕಳ್ಳಿ ಎನಿಸಿಕೊಂಡದ್ದು ಒಂದು ಕೀಲಿಕೈಯಿಂದ ಪೂರ್ತಿ ಹೋಗುತ್ತದೆಂದು ನಾನೂ ನಂಬುವುದಿಲ್ಲ.

ಅದಾದ ಮೇಲೆ ಭಾಯ್ ಬದಲಾದರು. ಗಿರಾಕಿಗಳ ಮನೆಗೆ ಹೋಗುವುದನ್ನು ಬಿಡಲಿಲ್ಲ, ಉಣ್ಣುವುದನ್ನೂ ಬಿಡಲಿಲ್ಲ. ಆದರೆ ತಾಟಿನ ಮುಂದೆ ಕೂತು ಮೊದಲು “ನನ್ನ ಕೆಲಸದಾಗ ಏನ್ ಕೆಟ್ಟೈತಿ ಹೇಳ್ರಿ, ಹೇಳಿದ ಮ್ಯಾಲ ಕೈ ತೊಳಕೋತೀನಿ” ಎನ್ನುವರು. ಹೊಸಬರಿಗೆ ಇದೆಂಥ ಹುಚ್ಚು ಎನಿಸುತ್ತಿತ್ತು. ಸೋಮವಾರ ಬೆಳಿಗ್ಗೆ ಎಲ್ಲರಿಗೂ ಫೋನು ಮಾಡಿ, ಓಣಿಯುದ್ದ ತಿರುಗುತ್ತ, “ಏನೂ ಇಲ್ಲಾ ಅನಬ್ಯಾಡ್ರಿ, ಏನರ ಬೈಯ್ರಿ” ಎಂದು ಕಾಡುವರು. ಅಕ್ಕಿ ವ್ಯಾಪಾರಿಯಂತೂ ಅವರಿಗಾಗಿಯೇ ವಾರಕ್ಕೊಂದು ತಪ್ಪು ಹುಡುಕಿ ಇಟ್ಟಿರುತ್ತಿದ್ದ. ಭಾಯ್‌ಗೆ ನಿದ್ದೆಯೂ ಕಡಿಮೆಯಾಗಿತ್ತೆಂದು ಅವರ ಹೆಂಡತಿ ಹೇಳುತ್ತಿದ್ದರು. ಆಫೀಸಿನ ಕೆಲಸದ ಒತ್ತಡ ಎಂದು ನಾನು ಸಮಾಧಾನ ಹೇಳುತ್ತಿದ್ದೆ.

ಆದರೆ ಅವರು ಹೋದಂದಿನಿಂದ ನನ್ನನ್ನು ಕಾಡುತ್ತಿರುವುದು ದೊಡ್ಡವ್ವನ ಊರಿನಿಂದ ತಿರುಗಿ ಬರುವಾಗ ಅಂದು ಸಂಜೆ ಬಸ್ಸಿನಲ್ಲಿ ನಡೆದದ್ದು. ಯಲಬುರ್ಗಾ ದಾಟಿದ ಮೇಲೆ ಭಾಯ್ ಬಂದು ನನ್ನ ಪಕ್ಕದ ಸೀಟಿನ ಕಂಬಿ ಹಿಡಿದು ನಿಂತರು.

“ಅಕ್ಕೋರ, ಒಂದು ಕೇಳಲೇನು? ನೀವೂ ನಮ್ಮ ಮನ್ಯಾಗ ಭಾಳ ಸಲ ಉಂಡೀರಿ. ನನಗ ಹೇಳಬೇಕಂತ ಅನಿಸಿ, ಹೇಳಲಾರದ ಬಿಟ್ಟದ್ದು ಏನರ ಐತೇನು?”

ಇತ್ತು. ಅವರು ಎಲ್ಲ ಸೈಟುಗಳಿಗೂ ಆಫೀಸಿನ ವಿಳಾಸ ಹಾಕಿ ಪರೀಕ್ಷೆ ಮಾಡಿದ ದಿನ, ಪಕ್ಕದಲ್ಲಿ ಕೂತಿದ್ದ ನನಗೆ ಹೊಳೆದಿತ್ತು. ಇದು ಸಾಲದು, ಹೊರಗಿನ ವಿಳಾಸಕ್ಕೂ ಒಂದು ಕಳಿಸಿ ನೋಡಬೇಕು, ದೊಡ್ಡವ್ವನಿಗೆ ಫೋನು ಮಾಡಿ ಬಂತೇ ಎಂದು ಕೇಳಬೇಕು ಎಂದು ಸ್ಪಷ್ಟವಾಗಿ ಹೊಳೆದಿತ್ತು. ಬಾಯಿಗೂ ಬಂದಿತ್ತು. ಅವರು ಅಷ್ಟು ಖುಷಿಯಾಗಿದ್ದರು; ಪಾಯಸದ ಡಬ್ಬಿ ಮೇಜಿನ ಮೇಲಿತ್ತು; ಈಗ ಇವರ ಕೆಲಸದಲ್ಲಿ ಹುಳುಕು ತೆಗೆಯುವುದು ಬೇಡ, ನಾಳೆ ನಾನೇ ನೋಡಿದರಾಯಿತು ಎಂದು ಸುಮ್ಮನಾದೆ. ನಾಳೆ ಮರೆತೆ. ಆ ಎರಡು ತಿಂಗಳಲ್ಲಿ ಒಬ್ಬ ಹೆಂಗಸು ಕಳ್ಳಿ ಎನಿಸಿಕೊಂಡು ಒಬ್ಬಳೇ ನೀರಿಗೆ ಹೋದಳು. ತಪ್ಪು ತಮ್ಮೊಬ್ಬರದೇ ಎಂದು ಈ ಮನುಷ್ಯ ಹೆಂಗಸರ ಮುಂದೆ ಕೈಮುಗಿದದ್ದನ್ನು ನಾನು ಎರಡು ಗಂಟೆಯ ಹಿಂದಷ್ಟೇ ನೋಡಿದ್ದೆ.

ಬಸ್ಸು ಹಳ್ಳಕ್ಕೆ ಬಿದ್ದು ಎದ್ದಿತು. ಭಾಯ್ ನನ್ನ ಮುಖವನ್ನೇ ನೋಡುತ್ತಿದ್ದರು.

“ಏನೂ ಇಲ್ರಿ ಭಾಯ್” ಎಂದೆ.

ಅವರು ನಂಬಿದರು.